ಮೊದಲ ಲೆವೆಲ್‌ಗೆ ಕವಚ, ಆಯುಧ ಹೇಗೆ ಆರಿಸೋದು? ನಾಲ್ಕು ಜನರ ಪಾರ್ಟಿ, ನಮ್ಮ ಕಡೆಯದೇ ಲೋಕ

ಕತ್ರಿಗುಪ್ಪೆ ಡಿಎಂ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರದಿಂದ ಮನೆಯಲ್ಲಿ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಹಾಕುತ್ತಾ ಪಾತ್ರಗಳಾಗಿ ಆಡುವ ಕಥೆಯ ಆಟ) ಹೊಸ ಆಟ ಶುರು ಮಾಡುತ್ತಿದ್ದೇವೆ. ಐದನೇ ಆವೃತ್ತಿ, 2014ರ ನಿಯಮಗಳು, ಮೊದಲ ಲೆವೆಲ್. ಡಿಎಂ, ಅಂದರೆ ಕಥೆ ಹೇಳಿ ಆಟ ನಡೆಸೋದು, ನಾನೇ. ಆಡುವವರು ನಾಲ್ಕು ಜನ, ಅದರಲ್ಲಿ ಮೂವರಿಗೆ ಇದು ಮೊದಲ ಆಟ. ಪಾತ್ರಗಳ ಅಂಕಿಗಳೆಲ್ಲ ಆಗಿವೆ, ಹಿನ್ನೆಲೆ ಕಥೆಗಳೂ ಚೆನ್ನಾಗಿ ಬಂದಿವೆ. ಆದರೆ ಕವಚ ಮತ್ತು ಆಯುಧದ ಪಟ್ಟಿ ತೆಗೆದ ಕೂಡಲೇ ಎಲ್ಲರೂ ತಲೆ ಕೆರೆದುಕೊಂಡು ಕೂತುಬಿಟ್ಟರು.

ಪಾರ್ಟಿ ಹೀಗಿದೆ. ನನ್ನ ತಮ್ಮ ಫೈಟರ್ (ಯೋಧ), ಸ್ಟ್ರೆಂಥ್ (ಬಲ) 16, ಡೆಕ್ಸ್ (ಚುರುಕುತನ) 12. ಅವನಿಗೆ ಗ್ರೇಟ್‌ಸ್ವೋರ್ಡ್ (ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿ) ಬಿಟ್ಟು ಬೇರೇನೂ ಕಣ್ಣಿಗೆ ಕಾಣುತ್ತಿಲ್ಲ. ಆಫೀಸಿನ ಗೆಳತಿ ರೋಗ್ (ಅಡಗಿ ಹೊಡೆಯುವ ಕಳ್ಳರ ಪಾತ್ರ), ಡೆಕ್ಸ್ 16. ಚಿಕ್ಕಪ್ಪನ ಮಗಳು ಕ್ಲೆರಿಕ್ (ದೇವರ ಮಂತ್ರ ಹಾಕುವ ಪಾತ್ರ), ಲೈಫ್ ಡೊಮೇನ್ (ಗುಣಪಡಿಸುವ ಪಂಥ), ವಿಸ್ಡಮ್ 16, ಸ್ಟ್ರೆಂಥ್ 14, ಡೆಕ್ಸ್ ಬರೀ 10. ಪಕ್ಕದ ಮನೆಯ ಪಿಯುಸಿ ಹುಡುಗ ಬಾರ್ಬೇರಿಯನ್ (ಕೋಪ ಏರಿಸಿಕೊಂಡು ಕಾದಾಡುವ ಪಾತ್ರ), ಸ್ಟ್ರೆಂಥ್ 16, ಡೆಕ್ಸ್ 14, ಕಾನ್ (ದೇಹದ ಗಟ್ಟಿತನ) 16. ಪುಸ್ತಕದ ರೆಡಿಮೇಡ್ ಸಾಮಾನಿನ ಬದಲು ದುಡ್ಡು ಕೊಟ್ಟು ಕೊಳ್ಳಲು ಬಿಡೋಣ ಅಂದುಕೊಂಡಿದ್ದೇನೆ. ದಾಳ ಹಾಕಿಸಿದರೆ ಒಬ್ಬರಿಗೆ ಜಾಸ್ತಿ ಒಬ್ಬರಿಗೆ ಕಮ್ಮಿ ಆಗುತ್ತದೆ, ಅದಕ್ಕೆ ಸರಾಸರಿಯನ್ನೇ ಕೊಡುತ್ತೇನೆ. ಫೈಟರ್‌ಗೂ ಕ್ಲೆರಿಕ್‌ಗೂ 125 ಗೋಲ್ಡ್, ರೋಗ್‌ಗೆ 100, ಬಾರ್ಬೇರಿಯನ್‌ಗೆ 50.

ಇನ್ನೊಂದು ವಿಷಯ. ಕಥೆ ನಡೆಯುವ ಜಾಗ ಯುರೋಪಿನ ಕೋಟೆ ಅಲ್ಲ. ಬಂಡೆಗಳ ಮೇಲೆ ಕಟ್ಟಿದ ಕೋಟೆ, ಕೆರೆ ಏರಿ, ಹುಣಸೆ ತೋಪು, ಸಂತೆ, ಪಾಳೇಗಾರರು, ಇಂಥ ಲೋಕ. ಅಲ್ಲಿ ರೇಪಿಯರ್ (ಯುರೋಪಿನ ತೆಳ್ಳನೆಯ ಚುಚ್ಚುವ ಕತ್ತಿ) ಹಿಡಿದವನು ಬಂದು ನಿಂತರೆ ನನಗೇ ಒಪ್ಪುವುದಿಲ್ಲ. ಹಾಗಂತ ಹೊಸ ನಿಯಮ ಬರೆಯುತ್ತಾ ಕೂತರೆ ಭಾನುವಾರದೊಳಗೆ ಮುಗಿಯೋದಿಲ್ಲ.

ಯಾರಿಗೆ ಏನು ಕೊಡಿಸಲಿ? ಅದಕ್ಕಿಂತ ಮುಖ್ಯವಾಗಿ, ಹೊಸಬರು ತಾವೇ ಯೋಚನೆ ಮಾಡಿ ಆರಿಸಿಕೊಳ್ಳಬೇಕು, ಅದನ್ನು ಹೇಗೆ ಹೇಳಿಕೊಡಲಿ?

ಗುರಾಣಿ ಪ್ರೇಮಿ

ಕವಚ ಬೇರೆ, ಆಯುಧ ಬೇರೆ ಅಂತ ಎರಡು ಪಟ್ಟಿ ಕೊಟ್ಟರೆ ಯಾರಿಗಾದರೂ ತಲೆ ಕೆಡುತ್ತದೆ. ಎರಡೂ ಒಂದೇ ನಿರ್ಧಾರ. ನಾನು ಹೊಸಬರಿಗೆ ಮೊದಲು ಕೇಳೋದು ಒಂದೇ ಪ್ರಶ್ನೆ: ನಿಮ್ಮ ಸರದಿ ಬಂದಾಗ ನಿಮ್ಮ ಎರಡು ಕೈ ಏನು ಮಾಡುತ್ತಿರುತ್ತವೆ? ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿನಾ? ಎರಡೂ ಕೈ ಒಂದೇ ದೊಡ್ಡ ಆಯುಧದ ಮೇಲಾ? ಒಂದು ಕೈ ಮಂತ್ರಕ್ಕೆ ಖಾಲಿ ಇರಬೇಕಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಪಟ್ಟಿ ತಾನಾಗೇ ಅಳಿಸಿಹೋಗುತ್ತದೆ. ಉಳಿದರ್ಧವನ್ನು ಡೆಕ್ಸ್ ಅಳಿಸುತ್ತದೆ. ಹಗುರ ಕವಚಕ್ಕೆ ಡೆಕ್ಸ್ ಬೋನಸ್ ಪೂರ್ತಿ ಸೇರುತ್ತದೆ, ಮಧ್ಯಮ ಕವಚಕ್ಕೆ ಹೆಚ್ಚೆಂದರೆ 2, ಭಾರಿ ಕವಚಕ್ಕೆ ಸೊನ್ನೆ. ಅಷ್ಟೇ ಲೆಕ್ಕ.

ಈಗ ನಿಮ್ಮ ತಮ್ಮನ ವಿಷಯ. ಗ್ರೇಟ್‌ಸ್ವೋರ್ಡ್ ಕೆಟ್ಟದ್ದು ಅಂತ ಹೇಳುತ್ತಿಲ್ಲ, ಆದರೆ ಅದು ಕೊಡೋದೆಷ್ಟು, ಕಿತ್ತುಕೊಳ್ಳೋದೆಷ್ಟು ಅಂತ ಅವನಿಗೆ ತೋರಿಸಿ. ಚೈನ್ ಮೇಲ್ (ಬಳೆ ಹೆಣೆದ ಭಾರಿ ಕವಚ) 75 ಗೋಲ್ಡ್, ಎಸಿ (ಹೊಡೆತ ತಗಲಲು ಶತ್ರುವಿನ ದಾಳ ಮುಟ್ಟಬೇಕಾದ ಅಂಕಿ) 16. ಅದಕ್ಕೆ ಸ್ಟ್ರೆಂಥ್ 13 ಬೇಕು, ಅವನಿಗೆ 16 ಇದೆ. ಗುರಾಣಿ 10 ಗೋಲ್ಡ್, ಎಸಿ 18 ಆಯಿತು. ಮೊದಲ ಲೆವೆಲ್‌ನಲ್ಲಿ ಸಾಮಾನ್ಯವಾಗಿ ಎದುರಾಗೋದು ಗಾಬ್ಲಿನ್. ಅದರ ಹೊಡೆತಕ್ಕೆ +4, ಅಂದರೆ 20 ಮುಖದ ದಾಳದಲ್ಲಿ ಬಿದ್ದದ್ದಕ್ಕೆ 4 ಸೇರುತ್ತದೆ. ಎಸಿ 16 ಇದ್ದರೆ ಗಾಬ್ಲಿನ್‌ಗೆ 12 ಬಿದ್ದರೆ ಸಾಕು, ಅಂದರೆ 20ರಲ್ಲಿ 9 ಸಲ ತಗಲುತ್ತದೆ. ಎಸಿ 18 ಆದರೆ 14 ಬೀಳಬೇಕು, 20ರಲ್ಲಿ 7 ಸಲ. ಬರೀ ಹತ್ತು ಗೋಲ್ಡ್‌ಗೆ ಇದಕ್ಕಿಂತ ಒಳ್ಳೆಯದು ಇಡೀ ಪುಸ್ತಕದಲ್ಲಿ ಸಿಗೋದಿಲ್ಲ.

ಹೊಡೆತದ ಕಡೆ ನೋಡಿ. ಗ್ರೇಟ್‌ಸ್ವೋರ್ಡ್ ಅಂದರೆ ಆರು ಮುಖದ ದಾಳ ಎರಡು, ಜೊತೆಗೆ ಸ್ಟ್ರೆಂಥ್ 16ಕ್ಕೆ ಸಿಗುವ ಬೋನಸ್ 3, ಸರಾಸರಿ 10. ಗ್ರೇಟ್ ವೆಪನ್ ಫೈಟಿಂಗ್ ಶೈಲಿ ತೆಗೆದುಕೊಂಡು 1, 2 ಬಿದ್ದದ್ದನ್ನು ಮತ್ತೆ ಹಾಕಿದರೆ 11ರ ಮೇಲೆ ಸ್ವಲ್ಪ. ಲಾಂಗ್‌ಸ್ವೋರ್ಡ್ ಒಂದೇ ಕೈಯಲ್ಲಿ, ಡ್ಯುಯೆಲಿಂಗ್ ಶೈಲಿಯ 2 ಸೇರಿಸಿದರೆ ಸರಾಸರಿ 9.5. ವ್ಯತ್ಯಾಸ ಎರಡಕ್ಕಿಂತ ಕಮ್ಮಿ. ಗಾಬ್ಲಿನ್‌ಗೆ ಇರೋದೇ 7 ಹಿಟ್ ಪಾಯಿಂಟ್ (ಜೀವದ ಅಂಕಿ). ಲಾಂಗ್‌ಸ್ವೋರ್ಡ್‌ನ ಎಂಟು ಮುಖದ ದಾಳದಲ್ಲಿ 2 ಅಥವಾ ಮೇಲೆ ಬಿದ್ದರೆ ಅದು ಸತ್ತ ಹಾಗೇ, ಅಂದರೆ ಎಂಟಕ್ಕೆ ಏಳು ಸಲ. ದೊಡ್ಡ ಕತ್ತಿಯಲ್ಲಿ ದಾಳ ಮತ್ತೆ ಹಾಕದಿದ್ದರೂ 36ಕ್ಕೆ 33 ಸಲ. ಮೇಜಿನ ಮೇಲೆ ಈ ಎರಡರ ನಡುವೆ ವ್ಯತ್ಯಾಸವೇ ಗೊತ್ತಾಗೋದಿಲ್ಲ, ಗುರಾಣಿ ಇಲ್ಲದ್ದು ಮಾತ್ರ ಮೊದಲ ಜಗಳದಲ್ಲೇ ಗೊತ್ತಾಗುತ್ತದೆ.

ದುಡ್ಡಿನ ಲೆಕ್ಕ: ಚೈನ್ ಮೇಲ್ 75, ಗುರಾಣಿ 10, ಲಾಂಗ್‌ಸ್ವೋರ್ಡ್ 15, ಐದು ಜಾವೆಲಿನ್ (ಎಸೆಯುವ ಈಟಿ) ಎರಡೂವರೆ. ಒಟ್ಟು 102.5. ಹಗ್ಗ, ಪಂಜು, ಊಟಕ್ಕೆ ಇನ್ನೂ 22 ಚಿಲ್ಲರೆ ಉಳಿಯುತ್ತದೆ. ಜಾವೆಲಿನ್ ಮಾತ್ರ ಬಿಡಲೇಬೇಡಿ. ಬಿಲ್ಲು ಹಿಡಿದರೆ ಅವನ ಡೆಕ್ಸ್ 12ಕ್ಕೆ ಹೊಡೆತದ ಬೋನಸ್ ಬರೀ +3. ಜಾವೆಲಿನ್ ಎಸೆಯೋದು ಸ್ಟ್ರೆಂಥ್ ಮೇಲೆ, +5. ಗೋಡೆ ಮೇಲೆ ಬಿಲ್ಲುಗಾರ ನಿಂತಿದ್ದಾಗ ಫೈಟರ್ ಕೆಳಗೆ ನಿಂತು ಸುಮ್ನೆ ನೋಡುತ್ತಿರೋದು ತುಂಬಾ ಬೇಜಾರಿನ ಸಂಗತಿ.

ಮಲ್ಲೇಶ್ವರದ ರೋಗ್

ರೋಗ್ ಬಗ್ಗೆ ನಾನು ಹೇಳುತ್ತೇನೆ, ನಾನು ಆಡೋದೇ ಅದನ್ನ.

ನಿಮ್ಮ ಗೆಳತಿಗೆ 100 ಗೋಲ್ಡ್ ಅಂದ್ರಿ. ಅಂಗಡಿಗೆ ಹೋದ ತಕ್ಷಣ ಎಲ್ಲರ ಕಣ್ಣು ಸ್ಟಡೆಡ್ ಲೆದರ್ (ಮೊಳೆ ಬಡಿದ ಚರ್ಮದ ಕವಚ) ಮೇಲೆ ಬೀಳುತ್ತದೆ. ಎಸಿ 12 ಮತ್ತು ಡೆಕ್ಸ್, ಅವರಿಗೆ 15 ಆಗುತ್ತದೆ. ಆದರೆ ಬೆಲೆ 45. ಸಾದಾ ಲೆದರ್ 10 ಗೋಲ್ಡ್, ಎಸಿ 14. ಒಂದೇ ಒಂದು ಎಸಿಗೆ 35 ಗೋಲ್ಡ್ ಜಾಸ್ತಿ. ಆ ದುಡ್ಡು ಕವಚಕ್ಕೆ ಹೋದರೆ, ರೇಪಿಯರ್ 25, ಶಾರ್ಟ್‌ಬೋ 25, ಇಪ್ಪತ್ತು ಬಾಣ 1 ಸೇರಿ 96 ಮುಗಿಯಿತು. ಬೀಗ ತೆಗೆಯುವ ಥೀವ್ಸ್ ಟೂಲ್ಸ್‌ಗೆ 25 ಬೇಕು, ಎಲ್ಲಿಂದ ತರೋದು? ಬೀಗ ತೆಗೆಯಲಾರದ ರೋಗ್ ಇದ್ದರೆ ಪಾರ್ಟಿಗೇ ನಷ್ಟ. ಸಾದಾ ಲೆದರ್ ತೆಗೆದುಕೊಂಡರೆ ಕತ್ತಿ, ಬಿಲ್ಲು, ಬಾಣ, ಎರಡು ಡ್ಯಾಗರ್, ಟೂಲ್ಸ್ ಎಲ್ಲಾ ಸೇರಿ 90. ಸ್ಟಡೆಡ್ ಮೊದಲ ಲೂಟಿ ಬಂದಾಗ ಕೊಂಡರಾಯಿತು.

ಪ್ಯಾಡೆಡ್ ಕವಚ 5 ಗೋಲ್ಡ್ ಅಂತ ಅಗ್ಗ ಕಾಣುತ್ತದೆ, ಮುಟ್ಟಬೇಡಿ. ಅದು ಹಗುರ ಕವಚವೇ, ಆದರೂ ಅಡಗಿ ನಡೆಯುವಾಗ ಡಿಸ್ಅಡ್ವಾಂಟೇಜ್ (ದಾಳ ಎರಡು ಸಲ ಹಾಕಿ ಕಮ್ಮಿ ಬಿದ್ದದ್ದೇ ಲೆಕ್ಕ) ಕೊಡುತ್ತದೆ. ರೋಗ್‌ಗೆ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ?

ಆಯುಧದಲ್ಲಿ ಒಂದು ನಿಜವಾದ ಆಯ್ಕೆ ಇದೆ. ರೇಪಿಯರ್ ಒಂದು ಎಂಟು ಮುಖದ ದಾಳ. ಅಥವಾ ಎರಡು ಶಾರ್ಟ್‌ಸ್ವೋರ್ಡ್, ತಲಾ 10 ಗೋಲ್ಡ್, ಆರು ಮುಖದ ದಾಳ. ನನ್ನ ಓಟು ಎರಡು ಕತ್ತಿಗೆ. ಯಾಕೆ ಅಂದರೆ ರೋಗ್‌ನ ಜೀವ ಇರೋದು ಸ್ನೀಕ್ ಅಟ್ಯಾಕ್‌ನಲ್ಲಿ (ಅನುಕೂಲ ಸಿಕ್ಕಾಗ ಹೊಡೆತಕ್ಕೆ ಸೇರುವ ಹೆಚ್ಚಿನ ಏಟು), ಅದು ಒಂದು ಸರದಿಗೆ ಒಂದೇ ಸಲ. ಮೊದಲ ಹೊಡೆತ ತಪ್ಪಿದರೆ ಆ ಸರದಿ ಪೂರ್ತಿ ದಂಡ. +5 ಇಟ್ಟುಕೊಂಡು ಗಾಬ್ಲಿನ್‌ನ ಎಸಿ 15ಕ್ಕೆ ಹೊಡೆದರೆ ನೂರಕ್ಕೆ 55 ಸಲ ತಗಲುತ್ತದೆ. ಎರಡು ಸಲ ಹೊಡೆದರೆ ಒಂದಾದರೂ ತಗಲುವ ಸಾಧ್ಯತೆ ನೂರಕ್ಕೆ 80ರ ಹತ್ತಿರ. ಎರಡನೇ ಕತ್ತಿಗೆ ಡೆಕ್ಸ್‌ನ 3 ಸೇರೋದಿಲ್ಲ, ಸೇರದಿದ್ದರೆ ಬೇಡ, ಸ್ನೀಕ್ ಅಟ್ಯಾಕ್ ಸೇರುತ್ತದಲ್ವಾ. ಎರಡನೇ ಲೆವೆಲ್‌ನಲ್ಲಿ ಕನ್ನಿಂಗ್ ಆಕ್ಷನ್ (ಚಟಕ್ಕನೆ ಸರಿಯುವ, ಅಡಗುವ ಶಕ್ತಿ) ಬಂದ ಮೇಲೆ ಬೋನಸ್ ಆಕ್ಷನ್‌ಗೆ (ಸರದಿಗೆ ಒಂದೇ ಸಿಗುವ ಚಿಕ್ಕ ಕೆಲಸ, ಎರಡನೇ ಕತ್ತಿಗೂ ಅದೇ ಬೇಕು) ಪೈಪೋಟಿ ಶುರುವಾಗುತ್ತದೆ, ಆಗ ಮೊದಲ ಹೊಡೆತ ತಗಲಿದರೆ ಹಿಂದೆ ಸರಿದು ಹೋಗಿ, ತಪ್ಪಿದರೆ ಎರಡನೇ ಕತ್ತಿ ಬೀಸಿ. ಇದನ್ನು ಹೊಸಬರೂ ಬೇಗ ಕಲಿಯುತ್ತಾರೆ. ದುಡ್ಡೂ 5 ಗೋಲ್ಡ್ ಉಳಿಯುತ್ತದೆ.

ನಿಮ್ಮ ಲೋಕದಲ್ಲಿ ರೇಪಿಯರ್ ಒಪ್ಪೋದಿಲ್ಲ ಅಂದಿದ್ದೀರಿ, ಆ ಸಮಸ್ಯೆಯೂ ಇಲ್ಲೇ ಮುಗಿಯಿತು.

ಕತ್ರಿಗುಪ್ಪೆ ಡಿಎಂ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗಾಬ್ಲಿನ್ ಲೆಕ್ಕವನ್ನು ತಮ್ಮನಿಗೆ ಹೇಳಿದೆ, ಹತ್ತು ನಿಮಿಷ ವಾದ ಮಾಡಿ ಗುರಾಣಿಗೆ ಒಪ್ಪಿಕೊಂಡ.

ಕ್ಲೆರಿಕ್ ಬಗ್ಗೆ ಒಂದು ಅನುಮಾನ. ಲೈಫ್ ಡೊಮೇನ್‌ಗೆ ಭಾರಿ ಕವಚ ಹಾಕುವ ಅರ್ಹತೆ ಬರುತ್ತದೆ, ಹಾಗಾಗಿ ಅವಳಿಗೂ ಚೈನ್ ಮೇಲ್, ಗುರಾಣಿ, ಮೇಸ್ ಅಂದುಕೊಂಡಿದ್ದೆ. ಎಸಿ 18. ಆದರೆ ಗುರಾಣಿ ಪ್ರೇಮಿಯವರ ಎರಡು ಕೈ ಪ್ರಶ್ನೆ ಕೇಳಿದ ಮೇಲೆ ನಿಂತೆ. ಎರಡೂ ಕೈ ತುಂಬಿದ್ದರೆ ಅವಳು ಮಂತ್ರ ಹಾಕೋದು ಹೇಗೆ?

ರಾಜಾಜಿನಗರ ಡಿ20

ಒಳ್ಳೆ ಪ್ರಶ್ನೆ. ತುಂಬಾ ಟೇಬಲ್‌ಗಳಲ್ಲಿ ಇದನ್ನು ನೋಡದೆ ದಾಟಿಸಿಬಿಡುತ್ತಾರೆ. ನಿಯಮ ಗೊತ್ತಿದ್ದರೆ ಕ್ಲೆರಿಕ್ ಆಡೋದು ಇನ್ನೂ ಚೆಂದ.

ಪವಿತ್ರ ಚಿಹ್ನೆಯನ್ನು ಗುರಾಣಿಯ ಮೇಲೇ ಕೆತ್ತಿಸಿಕೊಳ್ಳಬಹುದು. ಹಾಗೆ ಮಾಡಿದರೆ ಸಾಮಗ್ರಿ ಬೇಕಾದ ಮಂತ್ರಗಳಿಗೆ, ಉದಾಹರಣೆಗೆ ಬ್ಲೆಸ್, ಗುರಾಣಿ ಹಿಡಿದ ಕೈಯೇ ಸಾಕು. ಕೈಸನ್ನೆಯನ್ನೂ ಅದೇ ಕೈ ಮಾಡುತ್ತದೆ. ತೊಂದರೆ ಬರೋದು ಕೈಸನ್ನೆ ಇದ್ದು ಸಾಮಗ್ರಿ ಇಲ್ಲದ ಮಂತ್ರಗಳಿಗೆ. ಕ್ಯೂರ್ ವೂಂಡ್ಸ್, ಗೈಡಿಂಗ್ ಬೋಲ್ಟ್, ಸೇಕ್ರೆಡ್ ಫ್ಲೇಮ್ ಇವೆಲ್ಲ ಹಾಗೇ. ಅದಕ್ಕೆ ಒಂದು ಕೈ ನಿಜವಾಗಿಯೂ ಖಾಲಿ ಇರಬೇಕು. ಹಾಗಾಗಿ ಅವರು ಮೇಸ್ ಅನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಲಿ. ಶತ್ರು ಪಕ್ಕಕ್ಕೆ ಬಂದು ನಿಂತಾಗ ತೆಗೆದು ಹೊಡೆದರಾಯಿತು. ಒಂದು ಸರದಿಯಲ್ಲಿ ಒಂದು ವಸ್ತು ತೆಗೆಯೋದು ಅಥವಾ ಇಡೋದು ಪುಕ್ಕಟೆ. ಗುರಾಣಿಗೆ ಮಾತ್ರ ಇದು ಅನ್ವಯಿಸೋದಿಲ್ಲ, ಅದನ್ನು ಕಟ್ಟೋಕೂ ಬಿಚ್ಚೋಕೂ ಪೂರ್ತಿ ಒಂದು ಆಕ್ಷನ್ (ಸರದಿಯ ಮುಖ್ಯ ಕೆಲಸ) ಬೇಕು.

ಹೀಲಿಂಗ್ ವರ್ಡ್ ಮಂತ್ರವನ್ನು ತಪ್ಪದೆ ಇಟ್ಟುಕೊಳ್ಳಲಿ. ಅದಕ್ಕೆ ಬಾಯಿ ಮಾತು ಸಾಕು, ಎರಡೂ ಕೈ ತುಂಬಿದ್ದರೂ ನಡೆಯುತ್ತದೆ, 60 ಅಡಿ ದೂರದಿಂದ, ಬೋನಸ್ ಆಕ್ಷನ್‌ನಲ್ಲಿ. ಡೆಕ್ಸ್ 10 ಇರುವವರಿಗೆ ಚೈನ್ ಮೇಲ್‌ಗಿಂತ ಒಳ್ಳೆ ಕವಚ ಆ ದುಡ್ಡಿಗೆ ಇಲ್ಲ, ಅದರಲ್ಲಿ ಅನುಮಾನವೇ ಬೇಡ. ಕವಚ 75, ಗುರಾಣಿ 10, ಮೇಸ್ 5, ಚಿಹ್ನೆ 5, ಒಟ್ಟು 95.

ಆದರೆ ಗುರಾಣಿ ಪ್ರೇಮಿಯವರು ಒಂದು ವಿಷಯ ಬಿಟ್ಟಿದ್ದಾರೆ, ಅದಕ್ಕೆ ನನ್ನ ತಕರಾರಿದೆ. ತೂಕ! ಚೈನ್ ಮೇಲ್ 55 ಪೌಂಡ್, ಅಂದರೆ 25 ಕೆಜಿ. ಫೈಟರ್‌ದು ಗುರಾಣಿ 6, ಕತ್ತಿ 3, ಜಾವೆಲಿನ್ ಐದು ಸೇರಿ 10, ಒಟ್ಟು 74 ಪೌಂಡ್. ಸಾಮಾನ್ಯ ನಿಯಮದಲ್ಲಿ ಸ್ಟ್ರೆಂಥ್‌ನ 15 ಪಟ್ಟು ಹೊರಬಹುದು, ಅವನಿಗೆ 240 ಪೌಂಡ್, ಏನೂ ತೊಂದರೆ ಇಲ್ಲ. ಆದರೆ ಡಿಎಂ ಐಚ್ಛಿಕ ತೂಕದ ನಿಯಮ ಹಾಕಿದರೆ ಸ್ಟ್ರೆಂಥ್‌ನ 5 ಪಟ್ಟು ದಾಟಿದ ಕೂಡಲೇ ವೇಗ 10 ಅಡಿ ಕಮ್ಮಿ. ಅವನ ಮಿತಿ 80. ಆರೇ ಪೌಂಡ್ ಉಳಿಯಿತು, ಒಂದು ಹಗ್ಗದ ಸುರುಳಿಯೇ 10 ಪೌಂಡ್. ಕ್ಲೆರಿಕ್‌ಗೆ ಮಿತಿ 70. ಈ ನಿಯಮ ಹಾಕುತ್ತೀರೋ ಇಲ್ಲವೋ ಅಂತ ಕೊಳ್ಳುವ ಮುಂಚೆಯೇ ಹೇಳಿಬಿಡಿ. ಆಮೇಲೆ ಹೇಳಿದರೆ ಜಗಳ ಆಗುತ್ತದೆ.

ರಾತ್ರಿ ವಿಷಯವನ್ನೂ ಮೊದಲೇ ಹೇಳಿ. ಭಾರಿ ಕವಚ ಹಾಕಿಕೊಳ್ಳೋಕೆ 10 ನಿಮಿಷ, ಬಿಚ್ಚೋಕೆ 5. ಮಧ್ಯಮಕ್ಕೆ ಹಾಕೋಕೆ 5, ಬಿಚ್ಚೋಕೆ 1. ಹಗುರಕ್ಕೆ ಎರಡಕ್ಕೂ ಒಂದೊಂದೇ ನಿಮಿಷ. ಮಲಗಿದ್ದಾಗ ದಾಳಿ ಆದರೆ ಚೈನ್ ಮೇಲ್‌ನವರು ಅದನ್ನು ಹಾಕಿಕೊಳ್ಳೋದು ಕನಸಿನ ಮಾತು. ನಿಮ್ಮ ಕ್ಲೆರಿಕ್ ಎಸಿ 10ಕ್ಕೆ ಇಳಿಯುತ್ತಾರೆ, ಒಂದು ಆಕ್ಷನ್ ಕೊಟ್ಟು ಗುರಾಣಿ ಕಟ್ಟಿದರೆ 12. ಬಾರ್ಬೇರಿಯನ್ ಮಾತ್ರ ಎದ್ದ ಹಾಗೇ ನುಗ್ಗಬಹುದು.

ಗುರಾಣಿ ಪ್ರೇಮಿ

ಐಚ್ಛಿಕ ತೂಕದ ನಿಯಮವನ್ನು ಹೊಸಬರ ಟೇಬಲ್‌ಗೆ ತರೋದು ನನಗೆ ಇಷ್ಟ ಇಲ್ಲ. ಮೂವರಿಗೆ ಮೊದಲ ಆಟ ಅಂತ ಅವರೇ ಬರೆದಿದ್ದಾರೆ. ಒಂದೊಂದು ಪಂಜಿಗೂ ಪೌಂಡ್ ಕೂಡಿಸುತ್ತಾ ಕೂತರೆ ಕಥೆ ಎಲ್ಲಿ ನಡೆಯುತ್ತದೆ? ಪಾರ್ಟಿಗೆ ಒಂದು ಕತ್ತೆ ಕೊಡಿಸಿ, 8 ಗೋಲ್ಡ್. ಫೈಟರ್ ಹತ್ತಿರ ಉಳಿದ ದುಡ್ಡಲ್ಲೇ ಬರುತ್ತದೆ. ನಿಮ್ಮ ಸಂತೆಯ ಲೋಕಕ್ಕೂ ಹೊಂದುತ್ತದೆ.

ರಾತ್ರಿಯ ವಿಷಯ ಒಪ್ಪುತ್ತೇನೆ. ಕಾವಲಿಗೆ ಯಾರು ಕೂರಬೇಕು ಅನ್ನೋದನ್ನು ಆ ಒಂದು ನಿಯಮವೇ ತೀರ್ಮಾನ ಮಾಡಿಬಿಡುತ್ತದೆ.

ರಾಜಾಜಿನಗರ ಡಿ20

ಕತ್ತೆಗೆ ನನ್ನ ಒಪ್ಪಿಗೆ ಇದೆ. ಆದರೂ ತೂಕ ಪೂರ್ತಿ ಬಿಟ್ಟರೆ ಸ್ಟ್ರೆಂಥ್ 8 ಇಟ್ಟುಕೊಂಡವರು ಆರು ಆಯುಧ ಹೊತ್ತುಕೊಂಡು ಓಡಾಡುತ್ತಾರೆ. 15 ಪಟ್ಟಿನ ನಿಯಮವಾದರೂ ಇರಲಿ.

ವೀರಗಲ್ಲು

ಲೋಕದ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ, ನನಗೆ ಅದೇ ಮುಖ್ಯ ಅನ್ನಿಸಿತು.

ಹೊಸ ನಿಯಮ ಒಂದೂ ಬೇಡ. ಪಟ್ಟಿಯ ಅಂಕಿ ಹಾಗೇ ಇಟ್ಟುಕೊಂಡು ಹೆಸರು, ಆಕಾರ ಬದಲಾಯಿಸಿ. ಲಾಂಗ್‌ಸ್ವೋರ್ಡ್ ಜಾಗಕ್ಕೆ ಖಂಡ, ಅಂದರೆ ನೇರ ಅಲಗಿನ ಅಗಲವಾದ ಕತ್ತಿ. ಸಿಮಿಟರ್ ಜಾಗಕ್ಕೆ ಬಾಗಿದ ತಲ್ವಾರ್. ಸಿಮಿಟರ್ ಹಗುರ ಆಯುಧ, ಫಿನೆಸ್ (ಸ್ಟ್ರೆಂಥ್ ಬದಲು ಡೆಕ್ಸ್ ಬಳಸಿ ಹೊಡೆಯುವ ಗುಣ) ಕೂಡ ಇದೆ, ಹಾಗಾಗಿ ರೋಗ್ ಎರಡು ಹಿಡಿದರೂ ನಡೆಯುತ್ತದೆ. ಬೆಲೆ ಮಾತ್ರ 25, ಶಾರ್ಟ್‌ಸ್ವೋರ್ಡ್‌ಗಿಂತ ದುಬಾರಿ. ಅದಕ್ಕೆ ನಿಮ್ಮ ರೋಗ್‌ಗೆ ಕಠಾರಿ ಕೊಡಿ ಅಂತೀನಿ. ಮುಷ್ಟಿಯಲ್ಲಿ ಅಡ್ಡ ಹಿಡಿಕೆ ಹಿಡಿದು, ಗುದ್ದುವ ಹಾಗೆ ನೇರವಾಗಿ ಚುಚ್ಚುವ ಆಯುಧ. ಮಣಿಕಟ್ಟಿನ ಎರಡೂ ಪಕ್ಕಕ್ಕೆ ಲೋಹದ ಪಟ್ಟಿ ಬರುತ್ತದೆ, ಇಡೀ ತೋಳಿನ ಬಲ ಅಲಗಿನ ತುದಿಗೆ ಹೋಗುತ್ತದೆ. ಶಾರ್ಟ್‌ಸ್ವೋರ್ಡ್ ಅಂಕಿಗಳನ್ನೇ ಅದಕ್ಕೆ ಕೊಡಿ, ಅದೂ ಚುಚ್ಚುವ ಆಯುಧವೇ ಆದ್ದರಿಂದ ಸರಿಹೋಗುತ್ತದೆ. ಎರಡು ಕಠಾರಿ ಹಿಡಿದು ಕತ್ತಲೆಯಲ್ಲಿ ನಿಂತ ರೋಗ್‌ನ ಮುಂದೆ ರೇಪಿಯರ್ ಏನೂ ಅಲ್ಲ.

ಮೇಸ್ ಜಾಗಕ್ಕೆ ಗದೆ, ಜಾವೆಲಿನ್ ಜಾಗಕ್ಕೆ ಎಸೆಯುವ ಭರ್ಜಿ, ಗ್ರೇಟ್‌ಆಕ್ಸ್ ಜಾಗಕ್ಕೆ ಗಂಡುಗೊಡಲಿ. ಇವೆಲ್ಲ ಹೇಳಿಕೊಡೋದೇ ಬೇಡ, ಕೇಳಿದ ತಕ್ಷಣ ಎಲ್ಲರಿಗೂ ಕಣ್ಣ ಮುಂದೆ ಬರುತ್ತದೆ.

ಕವಚದಲ್ಲಿ ಸ್ವಲ್ಪ ಯೋಚನೆ ಬೇಕು. ಚೈನ್ ಮೇಲ್ ಅಂದರೆ ಕಬ್ಬಿಣದ ಬಳೆ ಹೆಣೆದ ಅಂಗಿ, ಅದು ನಮ್ಮ ನಾಡಿನಲ್ಲೂ ಇತ್ತು, ಬದಲಾಯಿಸೋದು ಬೇಡ. ಆದರೆ ತಲೆಯಿಂದ ಕಾಲಿನ ತನಕ ಮುಚ್ಚುವ ಯುರೋಪಿನ ಪ್ಲೇಟ್ ನಮ್ಮ ಕಡೆ ರೂಢಿಯಲ್ಲಿರಲಿಲ್ಲ. ಇಲ್ಲಿ ಬಳೆಯ ಅಂಗಿಯ ನಡುನಡುವೆ ಉಕ್ಕಿನ ತಗಡು ಕೂರಿಸಿದ ಕವಚ ಇತ್ತು. ಎದೆಗೆ, ಬೆನ್ನಿಗೆ ತಗಡು, ಉಳಿದ ಕಡೆ ಬಳೆ. ಪುಸ್ತಕದ ಸ್ಪ್ಲಿಂಟ್‌ಗೂ ಪ್ಲೇಟ್‌ಗೂ ಇದೇ ರೂಪ ಕೊಡಿ, ತಗಡು ಜಾಸ್ತಿ ಆದಷ್ಟೂ ಎಸಿ ಜಾಸ್ತಿ. ಪ್ಯಾಡೆಡ್ ಅಂದರೆ ಹತ್ತಿ ತುಂಬಿ ಒತ್ತಾಗಿ ಹೊಲಿದ ದಪ್ಪ ಅಂಗಿ. ನಿಮ್ಮ ಊರಿನ ಕಾವಲುಗಾರರಿಗೆಲ್ಲ ಅದನ್ನೇ ಹಾಕಿ, ನೋಡಿದ ತಕ್ಷಣ ಇವರು ಸಾಮಾನ್ಯ ಸೈನಿಕರು ಅಂತ ಆಟಗಾರರಿಗೆ ಅರ್ಥ ಆಗುತ್ತದೆ. ಕವಚ ಬರೀ ಎಸಿ ಅಲ್ಲ, ಯಾರು ಬಡವ, ಯಾರು ಸಾಹುಕಾರ ಅಂತ ಡಿಎಂ ಬಾಯಿ ಬಿಡದೆ ಹೇಳುವ ದಾರಿ ಅದು.

ಬಿಡುವಿದ್ದರೆ ಕಸ್ತೂರ್‌ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನ ಬೇಗೂರು ವೀರಗಲ್ಲಿನ ಫೋಟೊ ಹುಡುಕಿ ನೋಡಿ. ಗಂಗರ ಕಾಲದ್ದು, ಇದೇ ಊರಿನ ಬೇಗೂರಿನಲ್ಲಿ ಸಿಕ್ಕಿದ್ದು. ಇಡೀ ಕಾಳಗವನ್ನೇ ಒಂದು ಕಲ್ಲಿನಲ್ಲಿ ತುಂಬಿದ್ದಾರೆ, ಆನೆ, ಕುದುರೆ, ಕಾಲಾಳು ಎಲ್ಲಾ ಇದೆ. ಆಟಗಾರರ ಮುಂದೆ ಆ ಫೋಟೊ ಇಟ್ಟು, ಇದರಲ್ಲಿ ನಿಮ್ಮ ಪಾತ್ರ ಎಲ್ಲಿ ನಿಂತಿರುತ್ತದೆ ತೋರಿಸಿ ಅಂತ ಕೇಳಿ. ಆನೆಯ ಮುಂದೆ ನಿಲ್ಲುವವನಿಗೂ ಕುದುರೆ ಪಕ್ಕ ಓಡುವವನಿಗೂ ಬೇಕಾದ ಆಯುಧ ಬೇರೆ ಅಂತ ಅವರಿಗೇ ಹೊಳೆಯುತ್ತದೆ. ನಿಮ್ಮ ಎರಡನೇ ಪ್ರಶ್ನೆಗೆ ಇದು ನನ್ನ ಉತ್ತರ.

ಮಡಿಕೇರಿ ಮಂಜು

ವೀರಗಲ್ಲು ಅವರ ಪಟ್ಟಿಗೆ ನಮ್ಮ ಕೊಡಗಿನ ಒಡಿಕತ್ತಿ ಸೇರಿಸಿ. ಅಗಲವಾದ, ಮುಂದಕ್ಕೆ ಬಾಗಿದ, ಭಾರದ ಅಲಗು. ಬೆನ್ನ ಹಿಂದೆ ಸೊಂಟದಲ್ಲಿ ಲೋಹದ ಕೊಂಡಿಗೆ ಸಿಕ್ಕಿಸಿಕೊಳ್ಳುತ್ತಾರೆ, ಅದಕ್ಕೆ ತೊಡಂಗ್ ಅಂತಾರೆ. ಒರೆ ಇಲ್ಲ, ಹಿಂದಕ್ಕೆ ಕೈ ಹಾಕಿ ಎಳೆದರೆ ನೇರ ಕೈಗೆ ಬರುತ್ತದೆ. ಹ್ಯಾಂಡ್‌ಆಕ್ಸ್ ಅಂಕಿ ಕೊಟ್ಟು, ಎಸೆಯುವ ಗುಣ ತೆಗೆದುಹಾಕಿ. ಎಸೆಯೋಕಾಗದ್ದಕ್ಕೆ ಬದಲಾಗಿ ಏನಾದರೂ ಕೊಡಬೇಕು ಅನ್ನಿಸಿದರೆ ಫಿನೆಸ್ ಕೊಡಿ, ಆಟ ಕೆಡೋದಿಲ್ಲ. ಮುಂದೆ ಸೊಂಟದಲ್ಲಿ ಪೀಚೆಕತ್ತಿ, ಅದು ಡ್ಯಾಗರ್. ಕಾಡಿನ ಕಡೆಯ ಪಾತ್ರ ಯಾರದಾದರೂ ಇದ್ದರೆ ಈ ಜೋಡಿ ತುಂಬಾ ಚೆನ್ನಾಗಿ ಕೂರುತ್ತದೆ.

ಕತ್ರಿಗುಪ್ಪೆ ಡಿಎಂ

ಮಂಜು ಅವರೇ, ಬಾರ್ಬೇರಿಯನ್ ಹುಡುಗ ಕಾಡಿನವನೇ! ಅವನಿಗೆ ಒಡಿಕತ್ತಿಯ ಮಾತು ಹೇಳಿದೆ, ತಕ್ಷಣ ಚಿತ್ರ ಬಿಡಿಸೋಕೆ ಕೂತ. ಎಸೆಯೋಕೆ ಏನಾದರೂ ಬೇಕು ಅಂದ, ಅದಕ್ಕೆ ಭರ್ಜಿ ಕೊಡುತ್ತೇನೆ.

ಉಳಿದದ್ದು ಅವನದೇ ಕವಚ. 50 ಗೋಲ್ಡ್ ಇದೆ. ಸ್ಕೇಲ್ ಮೇಲ್ ಸರಿಯಾಗಿ 50, ಎಸಿ 16 ಆಗುತ್ತದೆ. ಕವಚ ಇಲ್ಲದಿದ್ದರೆ 10ಕ್ಕೆ ಡೆಕ್ಸ್‌ನ 2, ಕಾನ್‌ನ 3 ಸೇರಿ 15. ಒಂದೇ ಎಸಿ ವ್ಯತ್ಯಾಸ. ಕವಚ ಕೊಳ್ಳಬೇಕಾ? ಮತ್ತೆ ಅವನಿಗೆ ಗಂಡುಗೊಡಲಿ ಬೇಕೇ ಬೇಕು. ಮುಂದೆ ಕಥೆಯಲ್ಲಿ ಒಳ್ಳೆ ಕವಚ ಯಾವಾಗ, ಹೇಗೆ ಕೊಡಬೇಕು ಅನ್ನೋದನ್ನೂ ಯಾರಾದರೂ ಹೇಳಿ. ಪ್ಲೇಟ್ 1500 ಗೋಲ್ಡ್ ಅಂತ ನೋಡಿ ತಮ್ಮ ಈಗಲೇ ಕೇಳುತ್ತಿದ್ದಾನೆ.

ಗುರಾಣಿ ಪ್ರೇಮಿ

ಬಾರ್ಬೇರಿಯನ್‌ಗೆ ಕವಚ ಬೇಡ. ಎಲ್ಲಾ ದುಡ್ಡನ್ನೂ ಒಂದು ಎಸಿಗೆ ಸುರಿದು ಬರಿಗೈಯಲ್ಲಿ ನಿಲ್ಲೋದು ಯಾಕೆ? ಸ್ಕೇಲ್ ಮೇಲ್ ಅಡಗಿ ನಡೆಯೋದಕ್ಕೂ ಅಡ್ಡಿ, ಕಾಡಿನ ಹುಡುಗನಿಗೆ ಅದು ಸಲ್ಲದು. ಗಂಡುಗೊಡಲಿ 30, ಒಡಿಕತ್ತಿಗೆ ಹ್ಯಾಂಡ್‌ಆಕ್ಸ್ ಬೆಲೆ 5, ಭರ್ಜಿ ನಾಲ್ಕು ಸೇರಿ 2. ಒಟ್ಟು 37. ಮಿಕ್ಕ 13ರಲ್ಲಿ ಒಂದು ಗುರಾಣಿಯನ್ನೂ ಕೊಳ್ಳಬಹುದು! ಗುರಾಣಿ ಹಿಡಿದರೂ ಅವನ ಬರಿಮೈ ರಕ್ಷಣೆ ಹೋಗೋದಿಲ್ಲ. ಒಡಿಕತ್ತಿ, ಗುರಾಣಿ ಹಿಡಿದರೆ ಎಸಿ 17. ಕೊಡಲಿ ಹಿಡಿದರೆ 15. ಕೋಪ ಏರಿದಾಗ ಕತ್ತಿ, ಬಾಣ, ಗದೆ ಯಾವುದರ ಏಟಾದರೂ ಅರ್ಧವೇ ತಗಲೋದು, ಆಗ ಕೊಡಲಿ. ಮೊದಲ ಲೆವೆಲ್‌ನಲ್ಲಿ ದಿನಕ್ಕೆ ಎರಡೇ ಸಲ ಕೋಪ, ಅದು ಮುಗಿದ ಮೇಲೆ ಗುರಾಣಿ. ಯಾವ ಜಗಳಕ್ಕೆ ಯಾವುದು ಅಂತ ಶುರುವಾಗುವ ಮುಂಚೆ ಅವನೇ ತೀರ್ಮಾನ ಮಾಡಲಿ, ನಡುವೆ ಬದಲಾಯಿಸಿದರೆ ಆಕ್ಷನ್ ಹೋಗುತ್ತದೆ.

ವೀರಗಲ್ಲು

ಕವಚ ಕೊಡುವ ಬಗ್ಗೆ: ಅಂಗಡಿಯಲ್ಲಿ ಮಾರಿಸಬೇಡಿ. ತಗಡಿನ ಕವಚ ಹಾಕಿದ ಒಬ್ಬ ದಳವಾಯಿಯನ್ನು ಎರಡನೇ ಲೆವೆಲ್ ಹೊತ್ತಿಗೇ ತೋರಿಸಿ. ಅವನ ಎಸಿ 17, ನಿಮ್ಮ ತಮ್ಮನ +5 ಹೊಡೆತ 12ಕ್ಕಿಂತ ಕೆಳಗೆ ಬಿದ್ದಾಗಲೆಲ್ಲ ಆ ತಗಡಿನ ಮೇಲೆ ಜಾರಿ ಹೋಯಿತು ಅಂತ ವರ್ಣಿಸಿ. ಅವನನ್ನು ಸೋಲಿಸಿದ ದಿನ ಕವಚ ಸಿಗುತ್ತದೆ, ಆದರೆ ಅದು ಬೇರೆಯವನ ಅಳತೆಯದು, ಒಂದು ಕಡೆ ತಗಡು ಮುರಿದಿದೆ. ಸರಿ ಮಾಡೋಕೆ ಕಮ್ಮಾರನನ್ನು ಹುಡುಕಬೇಕು, ಅವನು ಇರೋದು ಶತ್ರುವಿನ ಕೋಟೆಯ ಒಳಗೆ. ಮುಂದಿನ ಎರಡು ಮೂರು ಭಾನುವಾರದ ಕಥೆ ಅಲ್ಲೇ ಸಿಕ್ಕಿತು. ಸ್ಪ್ಲಿಂಟ್‌ಗೆ ಸ್ಟ್ರೆಂಥ್ 15 ಬೇಕು, ನಿಮ್ಮ ತಮ್ಮನಿಗೆ ಇದೆ, ಕ್ಲೆರಿಕ್‌ಗೆ ಇಲ್ಲ. ಅವರು ಹಾಕಿದರೆ ವೇಗ 10 ಅಡಿ ಕಮ್ಮಿ ಆಗುತ್ತದೆ, ಹಾಗಾಗಿ ಯಾರಿಗೆ ಅನ್ನೋ ಜಗಳವೂ ಬರೋದಿಲ್ಲ.

ಮಲ್ಲೇಶ್ವರದ ರೋಗ್

ರೋಗ್‌ಗೂ ಏನಾದರೂ ಇಡಿ ಆ ಕೋಟೆಯಲ್ಲಿ. ಬೀಗ ತೆಗೆಯೋದು ಅವರೇ ಅಲ್ವಾ.

ಕತ್ರಿಗುಪ್ಪೆ ಡಿಎಂ

ಇಟ್ಟೆ. ಕಮ್ಮಾರನ ಪೆಟ್ಟಿಗೆಯಲ್ಲಿ ಒಂದು ಸ್ಟಡೆಡ್ ಲೆದರ್, ಮೂರು ಬೀಗದ ಹಿಂದೆ. ತೂಕಕ್ಕೆ 15 ಪಟ್ಟಿನ ನಿಯಮ, ಜೊತೆಗೆ ಕತ್ತೆ. ಇವತ್ತು ರಾತ್ರಿ ಎಲ್ಲರಿಗೂ ಹೊಸ ಹೆಸರುಗಳ ಪಟ್ಟಿ ಮತ್ತು ಆ ವೀರಗಲ್ಲಿನ ಫೋಟೊ ಕಳಿಸುತ್ತಿದ್ದೇನೆ, ಕೊಳ್ಳೋದು ಅವರಿಗೇ ಬಿಟ್ಟದ್ದು. ಭಾನುವಾರದ ಆಟ ಹೇಗೆ ನಡೆಯಿತು ಅಂತ ಇಲ್ಲೇ ಬಂದು ಬರೆಯುತ್ತೇನೆ.